ಹೊಗೆ ಹೀರಿದ ಬಾರ್ಲಿ, ಆವಿಯಾಗೋ ವಿಸ್ಕಿ

ಸಕಲೇಶಪುರ, ಆಲೂರು ಕಡೆ ಕಾಫಿಗೆ ಹೊಗೆ ವಾಸನೆ ಹತ್ತಿತು ಅಂದ್ರೆ ರೇಟು ಬಿತ್ತು ಅಂತಲೇ ಲೆಕ್ಕ. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನವರು ನೋಡಿ, ಹೊಗೆ ಹತ್ತಿದ ಬಾರ್ಲಿಯನ್ನೇ ದುಡ್ಡು ಕೊಟ್ಟು ಸ್ಕಾಟ್ಲೆಂಡಿನಿಂದ ತರಿಸ್ತಾರೆ.

ಅದು ಪೀಟ್ ಹೊಗೆ. ಪೀಟ್ ಅಂದ್ರೆ ಜೌಗು ನೆಲದಲ್ಲಿ ಸಾವಿರಾರು ವರ್ಷ ಅರ್ಧಂಬರ್ಧ ಕೊಳೆತ ಪಾಚಿ, ಹುಲ್ಲು, ಬೇರು. ಕಡಿದು, ಒಣಗಿಸಿ ಉರಿಸ್ತಾರೆ. ಮೊಳಕೆ ಬಂದ ಬಾರ್ಲಿ ಇನ್ನೂ ಹಸಿಯಾಗಿದ್ದಾಗಲೇ ಹೊಗೆ ಹಾಯಿಸಬೇಕು. ಹೊಗೆ ವಾಸನೆ ಕೊಡೋ ಫೀನಾಲ್‌ಗಳು ಸಿಪ್ಪೆಗೆ ಚೆನ್ನಾಗಿ ಅಂಟೋದು ಆಗಲೇ. ಭಟ್ಟಿ ಇಳಿಸಿದ ಮೇಲೂ ಆ ವಾಸನೆ ಹೋಗಲ್ಲ.

ಈ ಬಾರ್ಲಿ, ನಮ್ಮ ದೇಶದ ಬಾರ್ಲಿ ಎರಡೂ ಸೇರಿದ್ದು ಅಮೃತ್ ಫ್ಯೂಷನ್ ಅನ್ನೋ ವಿಸ್ಕಿ. 2010ರ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ಅದಕ್ಕೆ 97 ಅಂಕ ಕೊಟ್ಟರು.

ನಿಜವಾದ ಕಷ್ಟ ಕಾಯೋದರಲ್ಲಿದೆ. ಓಕ್ ಪೀಪಾಯಿಯಲ್ಲಿಟ್ಟ ವಿಸ್ಕಿ ಸ್ಕಾಟ್ಲೆಂಡಿನಲ್ಲಿ ವರ್ಷಕ್ಕೆ ಶೇಕಡ 2ರಷ್ಟು ಆವಿಯಾದ್ರೆ, ಬೆಂಗಳೂರಿನಲ್ಲಿ 10ಕ್ಕೂ ಹೆಚ್ಚು! ಎಂಟು ವರ್ಷ ಕಾದ ಅಮೃತ್‌ನವರ ಗ್ರೀಡಿ ಏಂಜಲ್ಸ್ 2013ರಲ್ಲಿ ಹೊರಬಂದಾಗ ಸಿಕ್ಕಿದ್ದು ಬರೀ 144 ಬಾಟಲಿ. ಸ್ಕಾಟ್ಲೆಂಡಿನಲ್ಲಿ ಹನ್ನೆರಡು, ಹದಿನೆಂಟು ವರ್ಷ ಅಂತ ಲೇಬಲ್ ಹಾಕ್ತಾರಲ್ಲ, ಇಲ್ಲಿ ಅಷ್ಟು ಕಾದ್ರೆ ಪೀಪಾಯಿಯಲ್ಲಿ ತಳ ಕಾಣುತ್ತೆ.

ಹಾಗಾದ್ರೆ ಅದೇ ಪೀಪಾಯಿ ಸಕಲೇಶಪುರದಲ್ಲಿದ್ದಿದ್ರೆ? ಒಣಹವೆಯಲ್ಲಿ ನೀರು ಬೇಗ ಆವಿಯಾಗಿ ವಿಸ್ಕಿ ಖಡಕ್ ಆಗುತ್ತೆ. ನಮ್ಮ ಮಳೆಗಾಲದ ತೇವದಲ್ಲಿ ನೀರು ಅಷ್ಟು ಸುಲಭಕ್ಕೆ ಹೋಗಲ್ಲ, ಆಲ್ಕೋಹಾಲೇ ಹೆಚ್ಚು ಹೋಗುತ್ತೆ. ಆಷಾಢದಲ್ಲಿ ಸಪ್ಪೆ, ಬೇಸಿಗೆಯಲ್ಲಿ ಖಡಕ್ಕು. ಇದನ್ನ ತೋಟದ ಗೋಡೌನಿನಲ್ಲಿ ಪರೀಕ್ಷೆ ಮಾಡೋಕೆ ಹೋಗಬೇಡಿ ಮಾರಾಯ್ರೆ, ವಿಸ್ಕಿ ಹಣ್ಣಾಗೋ ಮೊದಲೇ ಅಬಕಾರಿಯವರು ಬಂದಿರ್ತಾರೆ.