ವೈರಿಯ ಕಡೆಯಿಂದ ಬಂದ ಸಾಕ್ಷಿ

ಮಗ ‘ಮಿಲ್ಟ್ರಿಯಾಗ ಅದಾನ’ ಎಂದು ಎದೆಯುಬ್ಬಿಸಿ ಹೇಳುವ ಮನೆಗಳು ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿವೆ. ಇಂದು ಗಡಿಯಲ್ಲಿ ಯೋಧನೊಬ್ಬ ಮಡಿದರೆ ತ್ರಿವರ್ಣ ಹೊದ್ದ ಪೆಟ್ಟಿಗೆ ಊರಿಗೇ ಬರುತ್ತದೆ. ಶಾಲೆಯ ಮಕ್ಕಳು ರಸ್ತೆಯ ಎರಡೂ ಬದಿ ನಿಲ್ಲುತ್ತಾರೆ, ಕುಶಾಲತೋಪು ಹಾರುತ್ತದೆ, ‘ಅಮರ ರಹೇ’ ಎಂಬ ಕೂಗು ಏಳುತ್ತದೆ. ಇದು ಹಳೆಯ ರೂಢಿ ಅನಿಸಬಹುದು. ಆದರೆ ಊರೂರಿಗೆ ಹೀಗೆ ಪಾರ್ಥಿವ ಶರೀರ ಬರತೊಡಗಿದ್ದು 1999ರ ಕಾರ್ಗಿಲ್ ಕದನದಿಂದ. ಅದಕ್ಕೂ ಮುಂಚಿನ ಯುದ್ಧಗಳಲ್ಲಿ ಅಂತ್ಯಸಂಸ್ಕಾರ ಹೆಚ್ಚಾಗಿ ರಣರಂಗದ ಬಳಿಯೇ ಮುಗಿಯುತ್ತಿತ್ತು. ಮನೆಗೆ ಬರುತ್ತಿದ್ದದ್ದು ತಂತಿ.

ತಂತಿಯಲ್ಲಿ ‘ಕಾಣೆಯಾಗಿದ್ದಾರೆ’ ಎಂದಿದ್ದರೆ? ಕೊಡಗಿನ ಅಜ್ಜಮಾಡ ಬೋಪಯ್ಯ ದೇವಯ್ಯ ಅವರ ಕತೆ ಅಂಥದ್ದು.

1932ರ ಡಿಸೆಂಬರ್ 24ರಂದು ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆ ಸೇರಿದರು. 1965ರ ಯುದ್ಧದ ಹೊತ್ತಿಗೆ ಸ್ಕ್ವಾಡ್ರನ್ ಲೀಡರ್. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಹನ್ನೆರಡು ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ನೆಲೆಯ ಮೇಲೆ ದಾಳಿಗೆ ಹೊರಡಬೇಕಿತ್ತು. ವಿಂಗ್ ಕಮಾಂಡರ್ ಒ. ಪಿ. ತನೇಜಾ ನಾಯಕ. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ; ಅವರು ಕಾಯ್ದಿರಿಸಿದ ಪೈಲಟ್. ಒಂದು ವಿಮಾನ ಹಿಂದುಳಿಯಿತು, ಆ ಜಾಗಕ್ಕೆ ಇವರು ಹಾರಿದರು.

ಮಿಸ್ಟೇರ್‌ಗೆ ಸರ್ಗೋಧಾ ಎಂದರೆ ಇಂಧನದ ಕೊನೆಯ ಅಂಚು. ದಾರಿಯಲ್ಲಿ ಕಾದಾಡುತ್ತ ನಿಂತರೆ ಮರಳಿ ಬರಲು ಸಾಲದು. ದಾಳಿ ಮುಗಿಸಿ ತಿರುಗಿದಾಗ ಬೆನ್ನು ಹತ್ತಿದ್ದು ಶಬ್ದಕ್ಕಿಂತ ದುಪ್ಪಟ್ಟು ವೇಗದ ಪಾಕಿಸ್ತಾನಿ ಯುದ್ಧವಿಮಾನ ಸ್ಟಾರ್‌ಫೈಟರ್. ಉಳಿದವರು ಮುಂದೆ ಸಾಗಿದ್ದರು. ಹಿಂದೆ ನಡೆದದ್ದನ್ನು ನಮ್ಮವರಲ್ಲಿ ಒಬ್ಬರೂ ನೋಡಲಿಲ್ಲ. ದೇವಯ್ಯ ಮರಳಲಿಲ್ಲ, ಅಷ್ಟೇ. ಕಣ್ಣಾರೆ ಕಂಡ ಸಾಕ್ಷಿ ಇಲ್ಲದೆ ಪದಕ ಎಲ್ಲಿಯದು? ಪತ್ನಿ ಸುಂದರಿ ಅವರ ಪಾಲಿಗೆ ವರ್ಷಗಳು ಹಾಗೆಯೇ ಉರುಳಿದವು.

ಸಾಕ್ಷಿ ಬಂದದ್ದು ಗಡಿಯಾಚೆಯಿಂದ, ಅದೂ ಹದಿನಾಲ್ಕು ವರ್ಷದ ಮೇಲೆ. ಪಾಕಿಸ್ತಾನದ ವಾಯುಪಡೆಯ ನೆರವು ಪಡೆದು ಆ ವಾಯುಯುದ್ಧದ ಪುಸ್ತಕ ಬರೆದ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್, 1979ರಲ್ಲಿ ಆ ಬೆಳಗಿನ ಕಾಳಗವನ್ನೂ ದಾಖಲಿಸಿದ. ಸ್ಟಾರ್‌ಫೈಟರ್‌ನಲ್ಲಿದ್ದವರು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್. ಏಟು ತಿಂದ ಮಿಸ್ಟೇರ್ ಓಡಿಹೋಗದೆ ಅವರ ಮೇಲೇ ತಿರುಗಿ ಬಿದ್ದಿತ್ತು. ಕೊನೆಗೆ ಸ್ಟಾರ್‌ಫೈಟರ್ ನೆಲಕ್ಕೆ ಬಿತ್ತು, ಅಮ್ಜದ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು.

ಆ ಮಿಸ್ಟೇರ್‌ನಲ್ಲಿದ್ದದ್ದು ಯಾರು? ಆ ಬೆಳಗಿನ ಜಾವದ ದಾಳಿಗೆ ಹೋಗಿ ಮರಳದ ಮಿಸ್ಟೇರ್ ಒಂದೇ ಆಗಿತ್ತು. ತನೇಜಾ ತಮ್ಮ ಜೊತೆಗಾರನ ಪರವಾಗಿ ಸರ್ಕಾರಕ್ಕೆ ಬರೆದರು. ಯುದ್ಧದ ಇತಿಹಾಸ ಬರೆಯುತ್ತಿದ್ದ ಏರ್ ಕಮೊಡೋರ್ ಪ್ರೀತಮ್ ಸಿಂಗ್ ಕೂಡ ಇದನ್ನು ಎತ್ತಿ ಹಿಡಿದರು. 1988ರಲ್ಲಿ ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಬಂತು. ಪದಕವನ್ನು ಸುಂದರಿ ಸ್ವೀಕರಿಸಿದರು. ಆ ಬೆಳಗಾಗಿ 23 ವರ್ಷ ಕಳೆದಿತ್ತು.

ನನ್ನ ಮಟ್ಟಿಗೆ ಈ ಕತೆಯಲ್ಲಿ ಸಾಹಸಕ್ಕಿಂತ ದೊಡ್ಡದು ಈ ತಡ. ಎದುರಾಳಿ ಬದುಕಿ ಉಳಿಯದಿದ್ದರೆ, ಉಳಿದೂ ಸುಮ್ಮನಿದ್ದಿದ್ದರೆ, ದೇವಯ್ಯ ಇಂದಿಗೂ ಕಾಣೆಯಾದವರ ಪಟ್ಟಿಯ ಒಂದು ಸಾಲು. ಅವರ ದೇಹವನ್ನು ಅಲ್ಲಿನ ಹಳ್ಳಿಗರೇ ಹೊಲದಲ್ಲಿ ಮಣ್ಣು ಮಾಡಿದರು ಎನ್ನುತ್ತಾರೆ. ಮಡಿಕೇರಿಯಲ್ಲಿ ಅವರ ಹೆಸರಿನ ವೃತ್ತವಿದೆ. 2025ರಲ್ಲಿ ಬಂದ ಹಿಂದಿ ಸಿನಿಮಾ ‘ಸ್ಕೈ ಫೋರ್ಸ್’ ಈ ಕತೆಯನ್ನೇ ಎತ್ತಿಕೊಂಡು ದೇವಯ್ಯನವರ ಪಾತ್ರಕ್ಕೆ ಬೇರೆ ಹೆಸರಿಟ್ಟಿತು! ಇಷ್ಟು ಕಷ್ಟಪಟ್ಟು ದಕ್ಕಿದ ಹೆಸರನ್ನು ತೆರೆಯ ಮೇಲೆ ಬಿಟ್ಟುಕೊಡಬಾರದಿತ್ತು.

2019ರ ಫೆಬ್ರುವರಿಯಲ್ಲಿ ದಿಲ್ಲಿಯಲ್ಲಿ ತೆರೆದ ರಾಷ್ಟ್ರೀಯ ಯುದ್ಧ ಸ್ಮಾರಕದ ಕಲ್ಲುಗಳ ಮೇಲೆ 25,000ಕ್ಕೂ ಹೆಚ್ಚು ಯೋಧರ ಹೆಸರುಗಳನ್ನು ಕೆತ್ತಲಾಗಿದೆ. 1962, 1965, 1971ರಲ್ಲಿ ತಂತಿಯಷ್ಟೇ ಬಂದ ಮನೆಯೇನಾದರೂ ನಿಮ್ಮ ಊರಿನಲ್ಲಿದ್ದರೆ, ಆ ಹೆಸರು ಅಲ್ಲಿದೆಯೇ ಎಂದು ಒಮ್ಮೆ ಹುಡುಕಿ. ಸಿಗದಿದ್ದರೆ ಸೈನಿಕ ಕಲ್ಯಾಣ ಇಲಾಖೆಗೆ ಒಂದು ಅರ್ಜಿ ಬರೆದುಕೊಡಿ.