ಹಳೆ ಎಕೋ ಯಂತ್ರದ ನಾದ ಈಗ ಪುಟ್ಟ ಗಿಟಾರ್ ಪೆಡಲ್‌ನಲ್ಲಿ: ದೋಷಗಳನ್ನೂ ನಕಲು ಮಾಡುವ ತಂತ್ರಜ್ಞಾನವಿದು!

1949ರಲ್ಲಿ ತೆರೆಕಂಡ ಬಾಂಬೆ ಟಾಕೀಸ್‌ನ 'ಮಹಲ್' ಚಿತ್ರದ 'ಆಯೇಗಾ ಆನೇವಾಲಾ' ಹಾಡನ್ನು ಕೇಳದವರು ಕಡಿಮೆ. ಖೇಮ್‌ಚಂದ್ ಪ್ರಕಾಶ್ ಸಂಗೀತದ ಈ ಹಾಡಿನ ಆರಂಭದಲ್ಲಿ ದನಿ ಎಲ್ಲೋ ದೂರದಿಂದ ತೇಲಿ ಬಂದಂತೆ ಕೇಳಬೇಕಿತ್ತು. ಅದಕ್ಕೆ ಬೇಕಾದ ಯಂತ್ರ ಆಗ ಸ್ಟುಡಿಯೋದಲ್ಲಿ ಇರಲಿಲ್ಲ. ಕೋಣೆಯ ನಡುವೆ ಮೈಕ್ ಇಟ್ಟು, ಲತಾ ಮಂಗೇಶ್ಕರ್ ಮೂಲೆಯಿಂದ ಹಾಡುತ್ತಾ ಮೈಕ್‌ನತ್ತ ನಡೆದು ಬಂದರು. ಇದನ್ನು ಲತಾ ಅವರೇ ಸಂದರ್ಶನಗಳಲ್ಲಿ ನೆನಪಿಸಿಕೊಂಡಿದ್ದರು. 1960ರ 'ಮೊಘಲ್-ಎ-ಆಜಮ್' ಚಿತ್ರದ 'ಪ್ಯಾರ್ ಕಿಯಾ ತೋ ಡರ್ನಾ ಕ್ಯಾ' ಹಾಡಿಗೆ ಗುಂಯ್‌ಗುಡುವ ದನಿ ಬೇಕೆಂದು ನೌಶಾದ್ ಅವರು ಲತಾ ಅವರನ್ನು ಸ್ಟುಡಿಯೋದ ಬಾತ್‌ರೂಮಿನಲ್ಲಿ ಹಾಡಿಸಿದರು ಎಂಬ ಮಾತೂ ಪ್ರಚಲಿತದಲ್ಲಿದೆ.

ಅಂದು ಕೋಣೆ, ಗೋಡೆಗಳಿಂದ ಪಡೆಯುತ್ತಿದ್ದ ಪರಿಣಾಮವನ್ನು ಆಮೇಲೆ ಟೇಪ್ ಮತ್ತು ಮೋಟರ್ ಇರುವ ಯಂತ್ರಗಳು ಕೊಟ್ಟವು. ಇಂದು ಬಾಂದ್ರಾ, ಅಂಧೇರಿಯ ಗಿಟಾರ್ ವಾದಕರ ಕಾಲಬುಡದಲ್ಲಿರುವ ಅಂಗೈಯಗಲದ ಪೆಡಲ್ ಅದನ್ನೇ ಕೊಡುತ್ತದೆ. ಆದರೆ ಹಳೆ ಯಂತ್ರದ ನಾದವನ್ನು ಚಿಪ್‌ನಲ್ಲಿ ಮರಳಿ ಹುಟ್ಟಿಸುವುದು ಅಂದುಕೊಂಡಷ್ಟು ಸುಲಭವಲ್ಲ. ಯಾಕೆ? ಇಲ್ಲಿದೆ ವಿವರ.

ಎಕೋ ಯಂತ್ರ ಹೇಗೆ ಕೆಲಸ ಮಾಡುತ್ತಿತ್ತು?

ಸುಮಾರು 17 ಮೀಟರ್ ದೂರದ ಗೋಡೆಗೆ ಬಡಿದ ಸದ್ದು ಹಿಂದಿರುಗಲು ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು ಎಂದು ಶಾಲೆಯಲ್ಲಿ ಓದಿದ ನೆನಪಿರಬಹುದು. ಟೇಪ್ ಎಕೋ ಯಂತ್ರ ಈ ವಿಳಂಬವನ್ನು ಒಂದು ಪೆಟ್ಟಿಗೆಯೊಳಗೆ ಸೃಷ್ಟಿಸುತ್ತದೆ. ಸುತ್ತು ಹಾಕುತ್ತಲೇ ಇರುವ ಟೇಪಿನ ಮೇಲೆ ಒಂದು ಹೆಡ್ ಸದ್ದನ್ನು ಬರೆಯುತ್ತದೆ. ಸ್ವಲ್ಪ ಮುಂದಿರುವ ಇನ್ನೊಂದು ಹೆಡ್ ಅದನ್ನು ಓದುತ್ತದೆ. ಟೇಪು ಅಷ್ಟು ದೂರ ಸಾಗಲು ಹಿಡಿದ ಸಮಯವೇ ಎಕೋ.

ಲೆಕ್ಕ ಸರಳ. ಟೇಪಿನ ವೇಗ ಸೆಕೆಂಡಿಗೆ 19 ಸೆಂ.ಮೀ. ಇದ್ದು, ಎರಡು ಹೆಡ್‌ಗಳ ನಡುವೆ 5.7 ಸೆಂ.ಮೀ. ಅಂತರವಿದ್ದರೆ ಮೂಲ ಸ್ವರ ನುಡಿದ 0.3 ಸೆಕೆಂಡಿನ ಬಳಿಕ ಅದರ ಪ್ರತಿಧ್ವನಿ ಕೇಳುತ್ತದೆ. ಓದಿದ ಸದ್ದನ್ನೇ ಮತ್ತೆ ಬರೆಯುವ ಹೆಡ್‌ಗೆ ಕೊಟ್ಟರೆ ಎರಡನೆಯದು, ಮೂರನೆಯದು ಎಂದು ಪ್ರತಿಧ್ವನಿಗಳ ಸಾಲೇ ಹುಟ್ಟುತ್ತದೆ.

ಲಂಡನ್ನಿನ ವಾಟ್ಕಿನ್ಸ್ ಕಾಪಿಕ್ಯಾಟ್, ಅಮೆರಿಕದ ಎಕೋಪ್ಲೆಕ್ಸ್, 1974ರಲ್ಲಿ ಬಂದ ಜಪಾನಿನ ರೋಲ್ಯಾಂಡ್ ಆರ್‌ಇ-201 ಸ್ಪೇಸ್ ಎಕೋ ಈ ಜಾತಿಯ ಹೆಸರಾಂತ ಯಂತ್ರಗಳು. ಇಟಲಿಯ ಬಿನ್ಸನ್ ಎಕೋರೆಕ್‌ನಲ್ಲಿ ಟೇಪಿನ ಬದಲು ತಿರುಗುವ ಕಾಂತೀಯ ಡ್ರಮ್ ಇತ್ತು. ಪಿಂಕ್ ಫ್ಲಾಯ್ಡ್ ಬ್ಯಾಂಡ್ ಬಳಸಿದ್ದು ಇದನ್ನೇ. ಹೆಡ್, ಆಂಪ್ಲಿಫೈಯರ್ ಎಂಬ ವಿದ್ಯುತ್ ಭಾಗಗಳ ಜತೆ ಮೋಟರ್, ರೋಲರ್ ಎಂಬ ಯಾಂತ್ರಿಕ ಭಾಗಗಳೂ ಇರುವುದರಿಂದ ಇವೆಲ್ಲ ಎಲೆಕ್ಟ್ರೋಮೆಕ್ಯಾನಿಕಲ್ ಯಂತ್ರಗಳು.

ದೋಷವೇ ಸೊಗಸಾಯಿತು

ಆಗಿನ ಎಂಜಿನಿಯರ್‌ಗಳು ಬಯಸಿದ್ದು ಮೂಲ ಸದ್ದಿನ ತದ್ರೂಪು ಪ್ರತಿಧ್ವನಿಯನ್ನು. ಯಂತ್ರ ಅಷ್ಟು ಕರಾರುವಾಕ್ಕಾಗಿರಲಿಲ್ಲ. ಅದು ಮೂರು ತಪ್ಪುಗಳನ್ನು ಮಾಡುತ್ತಿತ್ತು.

ಮೊದಲನೆಯದು ವೇಗದ ಏರಿಳಿತ. ಮೋಟರ್, ರೋಲರ್‌ಗಳು ಒಂದೇ ಹದದಲ್ಲಿ ತಿರುಗುವುದಿಲ್ಲ. ಟೇಪು ಚೂರು ವೇಗವಾದರೆ ಸ್ವರ ಚೂರು ಏರುತ್ತದೆ, ನಿಧಾನವಾದರೆ ಇಳಿಯುತ್ತದೆ. ನಿಧಾನದ ತೂಗಾಟಕ್ಕೆ 'ವಾವ್', ಚುರುಕಾದ ನಡುಕಕ್ಕೆ 'ಫ್ಲಟರ್' ಎಂದು ಹೆಸರು.

ಎರಡನೆಯದು ಮಸುಕಾಗುವಿಕೆ. ಟೇಪಿಗೆ ಹೋಗಿ ಬಂದ ಸದ್ದಿನಲ್ಲಿ ತಾರಸ್ಥಾಯಿಯ ಹೊಳಪು ಕಡಿಮೆಯಾಗುತ್ತದೆ. ಎರಡನೇ ಪ್ರತಿಧ್ವನಿ ಮೊದಲನೆಯದಕ್ಕಿಂತ ಮಂದ, ಮೂರನೆಯದು ಇನ್ನೂ ಮಂದ. ನಿಜವಾದ ಬೆಟ್ಟ ಕಣಿವೆಗಳಲ್ಲೂ ದೂರದ ಸದ್ದು ಹೀಗೆಯೇ ಮಸುಕಾಗುವುದರಿಂದ ಕಿವಿಗೆ ಇದು ಸಹಜ ಎನಿಸುತ್ತದೆ.

ಮೂರನೆಯದು ತುಂಬಿ ತುಳುಕುವುದು. ಟೇಪು ಹಿಡಿಯಬಲ್ಲ ಸದ್ದಿಗೆ ಮಿತಿಯಿದೆ. ಅದಕ್ಕಿಂತ ಜೋರಾದ ಸದ್ದು ಒಮ್ಮೆಲೇ ಒಡೆಯದೆ ಮೆಲ್ಲಗೆ ಒತ್ತಿಕೊಂಡು ದುಂಡಗಾಗುತ್ತದೆ. ತಂತಿ ಮೀಟಿದಾಗಿನ ಚೂಪು ಪ್ರತಿಧ್ವನಿಯಲ್ಲಿ ಮೊಂಡಾಗುತ್ತದೆ.

ಈ ಮೂರೂ ಸೇರಿ ಒಂದು ಉಪಕಾರವಾಯಿತು. ಪ್ರತಿಧ್ವನಿ ಮೂಲ ಸ್ವರದ ಜತೆ ಜಗಳಕ್ಕೆ ಬರದೆ ಅದರ ಹಿಂದೆ ನೆರಳಿನಂತೆ ನಿಂತಿತು. ಮುಂದೆ ಶುದ್ಧ ಡಿಜಿಟಲ್ ಡಿಲೇಗಳು ಬಂದಾಗ ಅನೇಕ ವಾದಕರಿಗೆ ಅವು ಒಣಒಣ ಎನಿಸಿದ್ದೂ ಇದೇ ಕಾರಣಕ್ಕೆ.

ಹಳೆ ಯಂತ್ರವನ್ನೇ ಬಳಸಬಾರದೇ?

ಬಳಸಬಹುದು, ಆದರೆ ಸಾಕುವುದು ಕಷ್ಟ. ಹೆಡ್‌ಗಳಿಗೆ ಉಜ್ಜಿ ಉಜ್ಜಿ ಟೇಪ್ ಸವೆಯುತ್ತದೆ, ಆಗಾಗ ಬದಲಿಸಬೇಕು. ರಬ್ಬರ್ ರೋಲರ್ ಗಟ್ಟಿಯಾಗುತ್ತದೆ ಇಲ್ಲವೇ ಅಂಟಂಟಾಗುತ್ತದೆ. ಮುಂಬೈಯ ಮಳೆಗಾಲದ ತೇವ, ಕಡಲ ಉಪ್ಪುಗಾಳಿ ಲೋಹಕ್ಕೂ ಟೇಪಿಗೂ ಶತ್ರು. ಬಿಡಿಭಾಗ ಸಿಗುವುದೂ, ದುರಸ್ತಿ ಬಲ್ಲವರು ಸಿಗುವುದೂ ಅಪರೂಪ. ಲೋಕಲ್ ಟ್ರೇನಿನಲ್ಲಿ ಗಿಟಾರ್ ಹೊತ್ತು ಕಾರ್ಯಕ್ರಮಕ್ಕೆ ಹೋಗುವವರು ಅದರ ಜತೆ ಇಂಥ ಭಾರದ ಪೆಟ್ಟಿಗೆಯನ್ನೂ ಹೊರಲಾದೀತೇ?

ಪೆಡಲ್‌ನೊಳಗೆ ಏನಿದೆ?

ಮೊದಲ ದಾರಿ 'ಬಕೆಟ್ ಬ್ರಿಗೇಡ್' ಎಂಬ ಅನಲಾಗ್ ಚಿಪ್. 1969ರಲ್ಲಿ ಫಿಲಿಪ್ಸ್ ಸಂಸ್ಥೆಯಲ್ಲಿ ಇದರ ಆವಿಷ್ಕಾರವಾಯಿತು. ಬೆಂಕಿ ಬಿದ್ದಾಗ ಊರವರು ಸಾಲಾಗಿ ನಿಂತು ಕೊಡಪಾನದ ನೀರನ್ನು ಕೈಯಿಂದ ಕೈಗೆ ದಾಟಿಸುವಂತೆ, ಇದು ವಿದ್ಯುತ್ ಅಂಶವನ್ನು ಒಂದು ಪುಟ್ಟ ಕೋಶದಿಂದ ಮುಂದಿನದಕ್ಕೆ ದಾಟಿಸುತ್ತದೆ. ಎಂಎನ್3005 ಎಂಬ ಪ್ರಸಿದ್ಧ ಚಿಪ್‌ನಲ್ಲಿ ಇಂಥ 4096 ಹಂತಗಳಿದ್ದು, ಗರಿಷ್ಠ ಸುಮಾರು 205 ಮಿಲಿಸೆಕೆಂಡ್ ವಿಳಂಬ ಸಿಗುತ್ತದೆ. ದಾಟಿಸುವಾಗ ಸ್ವಲ್ಪ ಚೆಲ್ಲುವುದರಿಂದ ಸದ್ದು ಇಲ್ಲೂ ಮಸುಕಾಗುತ್ತದೆ. ಆದರೆ ಟೇಪಿನ ತೂಗಾಟ ತಾನಾಗಿ ಬರುವುದಿಲ್ಲ.

ಎರಡನೆಯದು ಪಿಟಿ2399 ಎಂಬ ಅಗ್ಗದ ಚಿಪ್. ಕರೋಕೆ ಯಂತ್ರಗಳಲ್ಲಿ ಬಳಕೆಯಾಗುವ ಇದು ಹವ್ಯಾಸಿ ಪೆಡಲ್ ತಯಾರಕರ ಅಚ್ಚುಮೆಚ್ಚು. ಗ್ರಾಂಟ್ ರೋಡ್ ಬಳಿಯ ಲ್ಯಾಮಿಂಗ್ಟನ್ ರೋಡ್‌ನಂಥ, ನಮ್ಮ ಬೆಂಗಳೂರಿನ ಎಸ್.ಪಿ. ರೋಡ್‌ನಂಥ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಲ್ಲಿ ಹುಡುಕಬೇಕಾದ ಸರಕಿದು. ಗರಿಷ್ಠ ಸುಮಾರು 340 ಮಿಲಿಸೆಕೆಂಡ್ ವಿಳಂಬ ಕೊಡುತ್ತದೆ.

ಮೂರನೆಯದು, ಇಂದು ಹೆಚ್ಚು ಬಳಕೆಯಲ್ಲಿರುವ ಡಿಜಿಟಲ್ ಸಿಗ್ನಲ್ ಪ್ರಾಸೆಸರ್. ಗಿಟಾರಿನ ಸದ್ದು ಸೆಕೆಂಡಿಗೆ 48,000 ಅಂಕಿಗಳಾಗಿ ಮೆಮೊರಿ ಸೇರುತ್ತದೆ ಎಂದುಕೊಳ್ಳಿ. 14,400 ಅಂಕಿಗಳಷ್ಟು ಹಿಂದಕ್ಕೆ ಹೋಗಿ ಓದಿದರೆ 0.3 ಸೆಕೆಂಡಿನ ಎಕೋ ಸಿದ್ಧ. ಮೆಮೊರಿಯೇ ಟೇಪು, ಅಂಕಿಯ ಸ್ಥಾನವೇ ಹೆಡ್. ಚಿಕ್ಕ ತಯಾರಕರು ಮೆಚ್ಚುವ ಎಫ್‌ವಿ-1 ಚಿಪ್‌ನಲ್ಲಿ 32,768 ಅಂಕಿಗಳಿಗೆ ಜಾಗವಿದೆ. ಕೈಗಡಿಯಾರದಲ್ಲಿರುವಂಥದ್ದೇ ಸ್ಫಟಿಕದಿಂದ ಅದನ್ನು ನಡೆಸಿದರೆ ಸರಿಯಾಗಿ 1 ಸೆಕೆಂಡಿನ ವಿಳಂಬ ಸಿಗುತ್ತದೆ.

ತಪ್ಪು ಮಾಡಲು ಕಲಿಸುವುದು ಹೇಗೆ?

ಅಸಲಿ ಸವಾಲು ಶುರುವಾಗುವುದೇ ಇಲ್ಲಿಂದ. ಚಿಪ್ ತಪ್ಪು ಮಾಡುವುದಿಲ್ಲ, ಅದಕ್ಕೆ ತಪ್ಪನ್ನು ಕಲಿಸಬೇಕು. ಓದುವ ಸ್ಥಾನವನ್ನು ನಿಧಾನವಾಗಿ ಹಿಂದೆ ಮುಂದೆ ಅಲುಗಿಸಿದರೆ ವಾವ್, ಚುರುಕಾಗಿ ಅಲುಗಿಸಿದರೆ ಫ್ಲಟರ್. ಅಲುಗಾಟ ತೀರಾ ಲೆಕ್ಕಾಚಾರದ್ದಾದರೆ ಕೃತಕ ಎನಿಸುತ್ತದೆ. ಹಾಗಾಗಿ ಅದರಲ್ಲಿ ಸ್ವಲ್ಪ ಅಡ್ಡಾದಿಡ್ಡಿತನ ಬೆರೆಸುತ್ತಾರೆ. ಮಸುಕಿಗೆ ಫಿಲ್ಟರ್ ಬೇಕು. ಅದನ್ನು ಪ್ರತಿಧ್ವನಿ ಮರಳುವ ದಾರಿಯಲ್ಲೇ ಇಡಬೇಕು, ಆಗಷ್ಟೇ ಪ್ರತಿ ಸುತ್ತಿಗೂ ಮಸುಕು ಹೆಚ್ಚುತ್ತದೆ. ಜೋರು ಸದ್ದನ್ನು ದುಂಡಗಾಗಿಸುವ ಗಣಿತವೂ ಅದೇ ದಾರಿಯಲ್ಲಿರಬೇಕು.

ಇನ್ನೊಂದು ಸೂಕ್ಷ್ಮವಿದೆ. ಹಳೆ ಯಂತ್ರದಲ್ಲಿ ಎಕೋ ಸಮಯದ ಗುಂಡಿ ತಿರುಗಿಸಿದರೆ ಮೋಟರ್ ಥಟ್ಟನೆ ವೇಗ ಬದಲಿಸದು. ಅದರ ಜಡತ್ವದಿಂದಾಗಿ ಸ್ವರ ಜಾರುತ್ತಾ ಏರುತ್ತದೆ ಇಲ್ಲವೇ ಇಳಿಯುತ್ತದೆ. ಪೆಡಲ್‌ನಲ್ಲಿ ಇಲ್ಲದ ಮೋಟರಿನ ಈ ತೂಕವನ್ನೂ ಗಣಿತದಲ್ಲಿ ಸೇರಿಸಬೇಕು. ಎಕೋಪ್ಲೆಕ್ಸ್ ಇಪಿ-3 ಯಂತ್ರದ ಪ್ರಿಆಂಪ್ ಕೊಡುವ ನಾದದ ಬಣ್ಣಕ್ಕಾಗಿಯೇ ಕೆಲವರು ಎಕೋ ಬಳಸದೆಯೂ ಅದರ ಮೂಲಕ ಗಿಟಾರ್ ನುಡಿಸುತ್ತಿದ್ದರು. ಅಂದರೆ ಟೇಪನ್ನಷ್ಟೇ ಅಲ್ಲ, ಸುತ್ತಲಿನ ಸರ್ಕ್ಯೂಟನ್ನೂ ಅನುಕರಿಸಬೇಕು.

ಬಾಸ್ ಕಂಪನಿಯ ಆರ್‌ಇ-20, ಸ್ಟ್ರೈಮನ್‌ನ ಎಲ್ ಕ್ಯಾಪಿಸ್ಟಾನ್ ಇಂಥ ಪ್ರಯತ್ನದ ಫಲ. ಮುಂಬೈಯಲ್ಲೇ ಅನಿಮಲ್ ಫ್ಯಾಕ್ಟರಿ ಆಂಪ್ಲಿಫಿಕೇಶನ್ ಎಂಬ ಸಂಸ್ಥೆ ಗಿಟಾರ್ ಪೆಡಲ್‌ಗಳನ್ನು ತಯಾರಿಸಿ ಹೆಸರು ಮಾಡಿದೆ. ಅಂದರೆ ಈ ಕುಶಲತೆ ನಮ್ಮಲ್ಲೂ ಇದೆ.

ಯಾವ ಯಂತ್ರದ ನಕಲು?

ಒಂದೇ ಮಾದರಿಯ ಎರಡು ಟೇಪ್ ಎಕೋಗಳು ಒಂದೇ ತರಹ ನುಡಿಯುವುದಿಲ್ಲ. ಟೇಪ್ ಹೊಸದೋ ಹಳೆಯದೋ, ಹೆಡ್ ಎಷ್ಟು ಸವೆದಿದೆ ಎಂಬುದರ ಮೇಲೆ ನಾದ ಬದಲಾಗುತ್ತದೆ. ಹಾಗಾಗಿ ಪೆಡಲ್ ಅನುಕರಿಸುವುದು ಒಂದು ಯಂತ್ರದ, ಒಂದು ಸ್ಥಿತಿಯ ನಾದವನ್ನು ಮಾತ್ರ. ಟೇಪಿನ ವಯಸ್ಸು, ಅಲುಗಾಟದ ಪ್ರಮಾಣಕ್ಕೆ ಕೆಲವು ಪೆಡಲ್‌ಗಳಲ್ಲಿ ಪ್ರತ್ಯೇಕ ಗುಂಡಿ ಇರುವುದು ಇದಕ್ಕೇ.

ಆದರೆ ಅಳೆದು ನೋಡಲು ಚಾಲ್ತಿಯಲ್ಲಿರುವ ಯಂತ್ರವೊಂದು ಬೇಕೇ ಬೇಕು. ಯಾವುದೋ ಹಳೆ ಸ್ಟುಡಿಯೋದ ಅಥವಾ ಆರ್ಕೆಸ್ಟ್ರಾದ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಎಕೋ ಯಂತ್ರ ಗುಜರಿಗೆ ಹೋದರೆ ಹೋಗುವುದು ಕಬ್ಬಿಣ ಮಾತ್ರವಲ್ಲ, ಅದರದ್ದೇ ಆದ ನಾದವೂ ಹೌದು. ನಿಮ್ಮ ಪರಿಚಯದ ವಾದಕರ ಮನೆಯಲ್ಲಿ ಅಂಥದ್ದೊಂದಿದ್ದರೆ ಎಸೆಯುವ ಮುನ್ನ ಬಲ್ಲವರಿಗೆ ಒಮ್ಮೆ ತೋರಿಸಿ.

ಪೆಡಲ್ ಕೊಳ್ಳುವಾಗ ಹೀಗೆ ಪರೀಕ್ಷಿಸಿ

* ಒಂದೇ ಸ್ವರ ಮೀಟಿ ಬಿಡಿ. ಪ್ರತಿಧ್ವನಿಗಳು ಬರಿಯ ಸಣ್ಣದಾಗದೆ ಮಸುಕೂ ಆಗುತ್ತಿವೆಯೇ ಗಮನಿಸಿ.
* ಎಕೋ ಉಳಿದಿರುವಾಗಲೇ ಸಮಯದ ಗುಂಡಿ ತಿರುಗಿಸಿ. ಸ್ವರ ಜಾರಬೇಕು, ಟಕ್ ಎಂದು ಹಾರಬಾರದು.
* ಮರುಕಳಿಕೆಯ ಗುಂಡಿಯನ್ನು ಪೂರ್ತಿ ಏರಿಸಿ. ಒಳ್ಳೆಯ ಅನುಕರಣೆಯಲ್ಲಿ ಸದ್ದು ಕಿವಿಗೆ ಚುಚ್ಚದೆ ದುಂಡಗೆ ಉಕ್ಕುತ್ತದೆ. ಹಾಂ, ಅದಕ್ಕೂ ಮುನ್ನ ಆಂಪ್ಲಿಫೈಯರ್‌ನ ವಾಲ್ಯೂಮ್ ತಗ್ಗಿಸಲು ಮರೆಯಬೇಡಿ!