ಖಾಲಿ ಕೋಣೆಗೆ ಗಾಳಿ ಯಾಕೆ?

‘ಫ್ಯಾನ್ ಯಾಕೋ ಹಾಗೇ ಬಿಟ್ಟು ಬಂದೆ?’

‘ಇರಲಿ ಬಿಡಜ್ಜಿ, ನಾವು ಮಲಗೋ ಹೊತ್ತಿಗೆ ರೂಮು ತಣ್ಣಗಾಗಿರುತ್ತೆ.’

ಬೇಸಿಗೆ ಬಂತೆಂದರೆ ಬಂಗಾರಪೇಟೆಯಲ್ಲಾಗಲಿ ಕೆಜಿಎಫ್‌ನಲ್ಲಾಗಲಿ ಈ ಮಾತು ಕೇಳದ ಮನೆ ಸಿಗುವುದು ಕಷ್ಟ. ಅಜ್ಜಿಗೆ ಕರೆಂಟು ದಂಡವಾಗುವ ಚಿಂತೆ, ಮೊಮ್ಮಗನಿಗೆ ಸೆಕೆಯ ಚಿಂತೆ. ಈ ಜಗಳದಲ್ಲಿ ಭೌತವಿಜ್ಞಾನ ಅಜ್ಜಿಯ ಕಡೆಗಿದೆ. ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನ್ ತಿರುಗಿದರೆ ಕೋಣೆ ತಣ್ಣಗಾಗುವುದಿಲ್ಲ; ಲೆಕ್ಕ ಹಾಕಿ ನೋಡಿದರೆ ತುಸು ಬಿಸಿಯೇ ಆಗುತ್ತದೆ.

ನಂಬಿಕೆ ಬಾರದಿದ್ದರೆ ಬಾಗಿಲು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಥರ್ಮಾಮೀಟರ್ ನೇತುಹಾಕಿ, ಫ್ಯಾನ್ ಹಾಕಿ ಒಂದು ಗಂಟೆ ಬಿಟ್ಟು ನೋಡಿ. ಪಾದರಸ ಕೆಳಗಿಳಿಯುವುದಿಲ್ಲ. ತಂಪಾಗುವುದು ಗಾಳಿಯಲ್ಲ, ನಮ್ಮ ಚರ್ಮ. ಒಂದು ಗ್ರಾಂ ನೀರನ್ನು ಮಂಜುಗಡ್ಡೆಯಷ್ಟು ತಣ್ಣಗಿನ ಸ್ಥಿತಿಯಿಂದ ಕುದಿಯುವ ಮಟ್ಟಕ್ಕೆ ತರಲು ಎಷ್ಟು ಶಾಖ ಬೇಕೋ, ಒಂದು ಗ್ರಾಂ ಬೆವರು ಆವಿಯಾಗಿ ಹೋಗಲು ಅದರ ಐದು ಪಟ್ಟಿಗಿಂತ ಹೆಚ್ಚು ಬೇಕು. ಆ ಶಾಖವನ್ನು ಬೆವರು ನಮ್ಮ ಮೈಯಿಂದಲೇ ಕಿತ್ತುಕೊಂಡು ಹೋಗುತ್ತದೆ. ಆದರೆ ಗಾಳಿಯಾಡದ ಕಡೆ ಮೈಗೆ ಅಂಟಿಕೊಂಡಂತೆ ಒದ್ದೆ ಗಾಳಿಯ ಪದರವೊಂದು ನಿಂತುಬಿಡುತ್ತದೆ; ಬೆವರು ಆರುವುದಿಲ್ಲ. ಫ್ಯಾನ್ ಮಾಡುವುದು ಇಷ್ಟೇ: ಆ ಪದರವನ್ನು ಸರಿಸಿ ಒಣ ಗಾಳಿಗೆ ಜಾಗ ಮಾಡಿಕೊಡುತ್ತದೆ. ಮೈಯೇ ಇಲ್ಲದ ಕೋಣೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. ಎಳೆದುಕೊಂಡ ಕರೆಂಟು ಮಾತ್ರ ಮೋಟಾರಿನಲ್ಲಿ ಒಂದಿಷ್ಟು, ಗಾಳಿಯ ತಿಕ್ಕಾಟದಲ್ಲಿ ಉಳಿದಷ್ಟು, ಪೂರ್ತಿ ಶಾಖವಾಗಿ ಅಲ್ಲೇ ಉಳಿಯುತ್ತದೆ. 75 ವ್ಯಾಟಿನ ಫ್ಯಾನ್ ಎಂದರೆ ಆ ಮಟ್ಟಿಗೆ 75 ವ್ಯಾಟಿನ ಪುಟ್ಟ ಹೀಟರು.

ಈ ಪಾಠವನ್ನು ಕೆಜಿಎಫ್‌ಗೆ ಹೊಸದಾಗಿ ಹೇಳಬೇಕಿಲ್ಲ. ನಂದಿದುರ್ಗ, ಊರಿಗಾಂ, ಚಾಂಪಿಯನ್ ರೀಫ್, ಮೈಸೂರು ಎಂಬ ಗಣಿಗಳಲ್ಲಿ ತಲೆಮಾರುಗಳ ಕಾಲ ಜನ ಶಾಖದ ಜೊತೆಗೇ ಗುದ್ದಾಡಿದ್ದಾರೆ. ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳಕ್ಕಿಳಿದ ಗಣಿ. ಅಷ್ಟು ಕೆಳಗೆ ಬಂಡೆಯ ಉಷ್ಣಾಂಶ 60 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಬಿಸಿಯ ಜೊತೆಗೆ ತೇವವೂ ಸೇರಿದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ. ಅಂಥ ಕಡೆ ಗಾಳಿ ಬೀಸಿದರೆ ಮಾತ್ರ ಸಾಲದು, ಗಾಳಿಯನ್ನೇ ತಣಿಸಿ, ಒಣಗಿಸಿ ಕೆಳಗೆ ಕಳಿಸಬೇಕು. ಫ್ಯಾನಿನ ಮಿತಿ ಎಲ್ಲಿದೆ ಎಂಬುದನ್ನು ಈ ಊರಿನ ಗಣಿಗಾರರು ಮೈಯಲ್ಲೇ ತಿಳಿದಿದ್ದರು.

ಗಣಿಗಾಗಿಯೇ ಈ ಊರಿಗೆ ವಿದ್ಯುತ್ತೂ ಬಂತು. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯಿಂದ ತಯಾರಾದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಹರಿದು ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿನ ಬೀದಿಗಳಿಗೆ ವಿದ್ಯುತ್ ದೀಪ ಬಂದದ್ದು ಆಮೇಲೆ, 1905ರಲ್ಲಿ. ಆ ಕಾಲದ ಶಿವನಸಮುದ್ರದ ಕರೆಂಟು ಸೆಕೆಂಡಿಗೆ 25 ಆವರ್ತನದ್ದು; ಇಂದು ನಮ್ಮ ಮನೆಗೆ ಬರುವುದು 50ರದ್ದು. ಈ ಸಂಖ್ಯೆಗೂ ತಲೆಯ ಮೇಲಿನ ಫ್ಯಾನಿಗೂ ಹತ್ತಿರದ ನಂಟಿದೆ.

ಮಾಮೂಲಿ ಮೋಟಾರಿನಲ್ಲಿ ಹೊರಗವಚ ನಿಂತಿರುತ್ತದೆ, ಒಳಗಿನ ದಂಡ ತಿರುಗುತ್ತದೆ. ಸೀಲಿಂಗ್ ಫ್ಯಾನಿನದು ಉಲ್ಟಾ. ತಾಮ್ರದ ಸುರುಳಿಗಳು ನಡುವೆ ಅಲುಗಾಡದೆ ಕೂತಿರುತ್ತವೆ, ಸುತ್ತಲಿನ ಡಬ್ಬಿಯೇ ರೆಕ್ಕೆಗಳನ್ನು ಹೊತ್ತು ತಿರುಗುತ್ತದೆ. ಮನೆಗೆ ಬರುವ ಒಂಟಿ ಫೇಸಿನ ಕರೆಂಟಿಗೆ ತಾನಾಗಿ ಏನನ್ನೂ ತಿರುಗಿಸಲು ಶುರು ಮಾಡುವ ಶಕ್ತಿಯಿಲ್ಲ, ಹಿಂದೆ ಮುಂದೆ ಜಗ್ಗಾಡಬಲ್ಲದು ಅಷ್ಟೇ. ಅದಕ್ಕೇ ಇನ್ನೊಂದು ಸುರುಳಿಯನ್ನು ಸುತ್ತಿ, ಕೆಪಾಸಿಟರ್ ಮೂಲಕ ಅದರ ಕರೆಂಟನ್ನು ತುಸು ಹೆಜ್ಜೆ ತಪ್ಪಿಸಿರುತ್ತಾರೆ. ಎರಡೂ ಸುರುಳಿಗಳ ಕಾಂತಶಕ್ತಿ ಸರದಿಯಲ್ಲಿ ಏರಿಳಿದಾಗ, ರಾಗಿಕಲ್ಲಿನ ಗೂಟವನ್ನು ಇಬ್ಬರು ಕೈ ಬದಲಿಸಿ ದೂಡಿದಂತೆ, ಕಾಂತಕ್ಷೇತ್ರವೊಂದು ಗುಂಡಗೆ ಸುತ್ತತೊಡಗುತ್ತದೆ. ಅದರ ವೇಗ ನಿರ್ಧಾರವಾಗುವುದು ಕರೆಂಟಿನ ಆವರ್ತನದಿಂದ. 14 ಧ್ರುವಗಳ ಫ್ಯಾನಿನಲ್ಲಿ 50 ಆವರ್ತನದ ಕರೆಂಟಿಗೆ ಅದು ನಿಮಿಷಕ್ಕೆ ಸುಮಾರು 428 ಸುತ್ತು. ಅಂದಿನ ಶಿವನಸಮುದ್ರದ ಕರೆಂಟಿಗೆ ಇದೇ ಫ್ಯಾನ್ ಸಿಕ್ಕಿದ್ದರೆ ಅದರ ಅರ್ಧವೇ.

ಡಬ್ಬಿಯೊಳಗಿನ ಅಲ್ಯೂಮಿನಿಯಂ ಪಟ್ಟಿಗಳು ಈ ಸುತ್ತುವ ಕಾಂತಕ್ಷೇತ್ರದ ಬೆನ್ನು ಹತ್ತಿ ಓಡುತ್ತವೆ, ಆದರೆ ಎಂದೂ ಅದನ್ನು ಹಿಡಿಯುವುದಿಲ್ಲ. ಹಿಡಿದುಬಿಟ್ಟರೆ ಪಟ್ಟಿಗಳಲ್ಲಿ ಕರೆಂಟು ಹುಟ್ಟುವುದೇ ನಿಂತು ಎಳೆತವೂ ಇಲ್ಲವಾಗುತ್ತದೆ. ಹೀಗೆ ಹಿಂದೆ ಬಿದ್ದು ಓಡುವುದರ ಬೆಲೆ ಶಾಖ. ರಾತ್ರಿಯೆಲ್ಲ ತಿರುಗಿದ ಫ್ಯಾನನ್ನು ನಿಲ್ಲಿಸಿ, ಸ್ಟೂಲು ಹತ್ತಿ ನಡುವಿನ ಡಬ್ಬಿ ಮುಟ್ಟಿದರೆ ಆ ನಷ್ಟ ಕೈಗೇ ಬಿಸಿಯಾಗಿ ಸಿಗುತ್ತದೆ.

ಹೊಸದಾಗಿ ಬಂದಿರುವ ಬಿಎಲ್‌ಡಿಸಿ ಫ್ಯಾನುಗಳು ಈ ಬೆನ್ನಟ್ಟುವ ಆಟವನ್ನೇ ಬಿಟ್ಟಿವೆ. ಅವುಗಳ ಡಬ್ಬಿಯಲ್ಲಿ ಶಾಶ್ವತ ಅಯಸ್ಕಾಂತಗಳನ್ನೇ ಕೂರಿಸಿರುತ್ತಾರೆ. ಪುಟ್ಟ ಎಲೆಕ್ಟ್ರಾನಿಕ್ ಹಲಗೆಯೊಂದು ಎಸಿ ಕರೆಂಟನ್ನು ಡಿಸಿ ಮಾಡಿ, ಯಾವ ಸುರುಳಿಗೆ ಯಾವಾಗ ಕೊಡಬೇಕೆಂದು ಕ್ಷಣಕ್ಷಣಕ್ಕೂ ನೋಡಿ ಕೊಡುತ್ತದೆ. ಪಟ್ಟಿಗಳಲ್ಲಿ ಕರೆಂಟು ಹುಟ್ಟಿಸಿ ಸುಡುವ ಪ್ರಮೇಯವೇ ಇಲ್ಲ. ಹಳೆಯದು 75 ವ್ಯಾಟ್ ಎಳೆಯುವ ಕಡೆ ಇದು ಸುಮಾರು 30 ವ್ಯಾಟ್ ಎಳೆದು ಹೆಚ್ಚುಕಡಿಮೆ ಅಷ್ಟೇ ಗಾಳಿ ಕೊಡುತ್ತದೆ.

ಇದರಿಂದ ಉಳಿಯುವುದೆಷ್ಟು? ಮಿಕ್ಸಿಯ ಸದ್ದಿಗೆ ಹೆದರಿ ಅದನ್ನೇ ಕರೆಂಟು ನುಂಗುವ ಭೂತ ಅಂದುಕೊಳ್ಳುತ್ತೇವೆ. 600 ವ್ಯಾಟಿನ ಮಿಕ್ಸಿ ದಿನಕ್ಕೆ ಹತ್ತು ನಿಮಿಷ ತಿರುಗಿದರೆ ಖರ್ಚು 0.1 ಯೂನಿಟ್. ಸದ್ದಿಲ್ಲದ ಫ್ಯಾನ್ 12 ಗಂಟೆ ತಿರುಗಿದರೆ 0.9 ಯೂನಿಟ್. ಯಂತ್ರದ ಗಾತ್ರಕ್ಕಿಂತ ಅದು ಓಡುವ ಗಂಟೆ ಮುಖ್ಯ. ಬಿಎಲ್‌ಡಿಸಿ ಹಾಕಿದರೆ ಅದೇ 12 ಗಂಟೆಗೆ 0.36 ಯೂನಿಟ್. ವರ್ಷದಲ್ಲಿ ಎಂಟು ತಿಂಗಳು ಹಿಡಿದರೂ ಒಂದು ಫ್ಯಾನಿನಿಂದ ಸುಮಾರು 130 ಯೂನಿಟ್ ಉಳಿತಾಯ. ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸರಾಸರಿ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಇದೆ. ಅಂದರೆ 90 ಕಿಲೋ ಹೊಗೆ ಕಡಿಮೆ.

2023ರ ಆಗಸ್ಟಿನಿಂದ ಗೃಹಜ್ಯೋತಿಯ ಸೊನ್ನೆ ಬಿಲ್ಲು ಬರುತ್ತಿರುವ ಮನೆಗಳಲ್ಲಿ ‘ನಮಗೇನು ಉಳಿತಾಯ?’ ಎಂಬ ಪ್ರಶ್ನೆ ಸಹಜ. ಬಿಲ್ಲು ಸೊನ್ನೆಯಾದರೂ ಮೀಟರು ನಿಂತಿಲ್ಲ. ಅದು ತಿರುಗಿದಷ್ಟೂ ಕಲ್ಲಿದ್ದಲು ಎಲ್ಲೋ ಉರಿಯುತ್ತಲೇ ಇದೆ.

ಹಾಗಂತ ಮನೆಯ ಎಲ್ಲ ಫ್ಯಾನುಗಳನ್ನೂ ಗುಜರಿಗೆ ಹಾಕಬೇಕಿಲ್ಲ. ಅತಿ ಹೆಚ್ಚು ಹೊತ್ತು ತಿರುಗುವ ಒಂದನ್ನು, ಬಹುಶಃ ಮಲಗುವ ಕೋಣೆಯದನ್ನು, ಮೊದಲು ಬದಲಿಸಿದರೆ ಸಾಕು. ಉಳಿದವಕ್ಕೆ ಹೆಚ್ಚು ಖರ್ಚಿಲ್ಲದ ಉಪಚಾರವಿದೆ. ಗೋಡೆಯ ಮೇಲೆ ದಪ್ಪ ಡಬ್ಬದಂಥ ಹಳೆಯ ರೆಗ್ಯುಲೇಟರ್ ಇದ್ದರೆ ತೆಗೆಸಿ. ವೇಗ ತಗ್ಗಿಸಿದಾಗ ಫ್ಯಾನ್ ಬಿಟ್ಟುಕೊಟ್ಟ ಕರೆಂಟಿನ ದೊಡ್ಡ ಪಾಲನ್ನು ಅದು ತನ್ನ ತಂತಿಯಲ್ಲೇ ಸುಟ್ಟುಹಾಕುತ್ತದೆ. ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಹಾಗೆ ಮಾಡುವುದಿಲ್ಲ. ಫ್ಯಾನ್ ನಿಧಾನವಾಗಿದ್ದರೆ ಮೋಟಾರನ್ನು ಬಯ್ಯುವ ಮುಂಚೆ ಕೆಪಾಸಿಟರ್ ಬದಲಿಸಿ ನೋಡಿ.

ರೆಕ್ಕೆ ಒರೆಸುವುದಂತೂ ಕೆಜಿಎಫ್‌ನಲ್ಲಿ ಬರೀ ಶುಚಿಯ ಮಾತಲ್ಲ. ಊರಂಚಿನ ಸೈನೈಡ್ ಗುಡ್ಡಗಳಲ್ಲಿ ಚಿನ್ನ ತೆಗೆದು ಬಿಟ್ಟ ಪುಡಿಮಣ್ಣು ಮೂರು ಕೋಟಿ ಟನ್ನಿಗೂ ಹೆಚ್ಚಿದೆ. ಗಾಳಿಕಾಲದಲ್ಲಿ ಅದರ ಧೂಳು ಮನೆ ಹೊಕ್ಕು ರೆಕ್ಕೆಯ ಮುಂಬದಿಯ ಅಂಚಿನಲ್ಲಿ ಗಟ್ಟಿಯಾಗಿ ಕೂರುತ್ತದೆ. ಗಾಳಿಯನ್ನು ಸೀಳಬೇಕಾದ ಅಂಚೇ ಒರಟಾದರೆ ಫ್ಯಾನ್ ಅಷ್ಟೇ ಕರೆಂಟು ತಿಂದು ಕಡಿಮೆ ಗಾಳಿ ಕೊಡುತ್ತದೆ. ಒಣಬಟ್ಟೆಯಲ್ಲಿ ಕೊಡವಿ ಧೂಳು ಹಾರಿಸದೆ ಒದ್ದೆಬಟ್ಟೆಯಲ್ಲಿ ಒರೆಸಿ. ಆ ಧೂಳು ಮೂಗಿಗೂ ಒಳ್ಳೆಯದಲ್ಲ.

ಧೂಳಿಲ್ಲದ ರಾತ್ರಿಗಳಲ್ಲಿ ಫ್ಯಾನಿಗೇ ರಜೆ ಕೊಡಬಹುದು. ಸಮುದ್ರಮಟ್ಟದಿಂದ ಸುಮಾರು 850 ಮೀಟರ್ ಎತ್ತರದ ಈ ಊರಿನಲ್ಲಿ ರಾತ್ರಿ ಬೇಗ ತಂಪೇರುತ್ತದೆ. ಕೆಳಗಿನ ಕಿಟಕಿಯನ್ನೂ ಮೇಲಿನ ಗವಾಕ್ಷಿಯನ್ನೂ ಒಟ್ಟಿಗೆ ತೆರೆದರೆ ಹಗುರಾದ ಬಿಸಿಗಾಳಿ ಮೇಲಿಂದ ಹೊರಬೀಳುತ್ತದೆ, ತಂಗಾಳಿ ಕೆಳಗಿಂದ ನುಗ್ಗುತ್ತದೆ. ಬೇರೆ ಬೇರೆ ಎತ್ತರದಲ್ಲಿ ಬಾಯಿ ತೆರೆದ ಎರಡು ಗಣಿಬಾವಿಗಳ ನಡುವೆ ಗಾಳಿ ತಾನೇ ಹರಿಯುವುದೂ ಇದೇ ನಿಯಮದಿಂದ.

ಗಣಿಯಲ್ಲಿ ಇನ್ನೊಂದು ಶಿಸ್ತಿರುತ್ತದೆ. ಅದಿರು ಮುಗಿದ ಸುರಂಗಕ್ಕೆ ಗೋಡೆ ಕಟ್ಟುತ್ತಾರೆ, ನಡುನಡುವೆ ಬಾಗಿಲು ಹಾಕುತ್ತಾರೆ. ಮೇಲಿನಿಂದ ಅಷ್ಟು ಕಷ್ಟಪಟ್ಟು ಕಳಿಸಿದ ಗಾಳಿ ಆಳಿಲ್ಲದ ದಾರಿಯಲ್ಲಿ ಪೋಲಾಗದೆ, ಬಂಡೆ ಕೊರೆಯುತ್ತಿರುವವನ ಮುಖಕ್ಕೇ ತಾಗಬೇಕು ಎಂದು. 2001ರಲ್ಲಿ ಕೆಜಿಎಫ್‌ನ ಗಣಿಗಳು ಮುಚ್ಚಿದವು. ಆ ಬಾಗಿಲುಗಳನ್ನು ತೆರೆದು ಮುಚ್ಚುವವರು ಈಗ ಯಾರೂ ಇಲ್ಲ. ಮನೆಯಲ್ಲಿ ಆ ಬಾಗಿಲು ಎಂದರೆ ಗೋಡೆಯ ಮೇಲಿನ ಸ್ವಿಚ್ಚು. ಅಜ್ಜಿ ಗೊಣಗಿಕೊಂಡು ಎದ್ದು ಹೋಗಿ ಅದನ್ನು ಆರಿಸುವಾಗ, ಹಳೆಯ ಗಣಿ ಎಂಜಿನಿಯರ್ ಯಾರಾದರೂ ನೋಡಿದ್ದರೆ ತಲೆಯಾಡಿಸುತ್ತಿದ್ದರು.